ಮಷಿನ್ ಮಾರೋದು ಬಿಟ್ಟು ಸುಲಿದು ಕೊಡೋಕೆ ಹೊರಟಾಗ

ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪು. ಹಸಿ ಅಡಿಕೆ ಸುಲಿಯುವ ಮಷಿನ್ ಮಾಡುತ್ತೇವೆ. ಎರಡು ಲೇತು, ಒಂದು ಮಿಲ್ಲಿಂಗ್ ಮಷಿನ್, ಹನ್ನೊಂದು ಜನ. ಎರಕದ ಭಾಗಗಳು ಊರಿನ ಫೌಂಡ್ರಿಯಿಂದ, ಸ್ಪ್ರಿಂಗು ಪೀಣ್ಯದಿಂದ, ಮೋಟಾರು ಕೊಯಮತ್ತೂರಿನಿಂದ ಬರುತ್ತವೆ. ಮೊದಲ ಏಳು ವರ್ಷ ಮಾಡೋದು, ಮಾರೋದು, ಇಷ್ಟೇ ಇತ್ತು. ಈಗ ಆರು ವರ್ಷದಿಂದ ಬಹುತೇಕ ಮಷಿನ್‌ಗಳು ನಮ್ಮ ಹೆಸರಲ್ಲೇ ಇವೆ. ತೋಟದ ಮನೆಯ ಅಂಗಳಕ್ಕೆ ಹೋಗಿ ಸುಲಿದು ಕೊಡುತ್ತೇವೆ. ಸುಲಿದಷ್ಟಕ್ಕೆ ದುಡ್ಡು.

ಈ ಕಡೆ ತಿರುಗಿಸಿದ್ದು ನನ್ನ ಹೆಂಡತಿ. ಲೆಕ್ಕ ಬರೆಯುವವಳು ಅವಳೇ. ಒಂದು ಏಪ್ರಿಲ್‌ನಲ್ಲಿ ವರ್ಷದ ಪುಸ್ತಕ ಮುಚ್ಚುವಾಗ, "ಈ ಸಲ ಮಷಿನ್‌ಗಿಂತ ಬ್ಲೇಡು, ಬೆಲ್ಟಲ್ಲೇ ಲಾಭ ಜಾಸ್ತಿ ಬಂದಿದೆ ನೋಡಿ" ಅಂದಳು. ನನಗೆ ಖುಷಿಯಾಯ್ತು. ಅವಳು ಪುಟ ತಿರುವುತ್ತಾ, "ಒಂದೇ ಮನೆಗೆ ಸೀಸನ್‌ನಲ್ಲಿ ಒಂಬತ್ತು ಬ್ಲೇಡು ಹೋಗಿದೆ. ಆ ಮನೆಯವರು ಮುಂದಿನ ವರ್ಷ ನಮ್ಮ ಹೆಸರು ಎತ್ತುತ್ತಾರಾ?" ಅಂತ ಕೇಳಿದಳು. ನಾನು ಸುಮ್ಮನಾದೆ. ನಮ್ಮ ಮಷಿನ್ ಬೇಗ ಸವೆದರೆ ನನಗೆ ಲಾಭ. ಅಂಥ ವ್ಯಾಪಾರವನ್ನು ನಾನು ಏಳು ವರ್ಷ ಯೋಚನೆಯೇ ಇಲ್ಲದೆ ಮಾಡಿದ್ದೆ.

ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನು ವಿಮಾನದ ಕತೆ ತೆಗೆದ. 1962ರಲ್ಲೇ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ ತನ್ನ ವೈಪರ್ ಎಂಜಿನ್‌ಗೆ ಹಾರಿದ ಗಂಟೆಗೆ ಇಷ್ಟು ಅಂತ ದರ ಕಟ್ಟಿತ್ತಂತೆ. ರಿಪೇರಿ, ಬಿಡಿಭಾಗ ಎಲ್ಲ ಕಂಪನಿಯದೇ ತಲೆನೋವು. ಆಮೇಲೆ ರೋಲ್ಸ್ ರಾಯ್ಸ್ ಆ ಕಂಪನಿಯನ್ನು ಕೊಂಡು ಅದೇ ಪದ್ಧತಿಯನ್ನು ಬೆಳೆಸಿತು. ಕೇಳೋಕೆ ಚೆನ್ನಾಗಿತ್ತು. ಆದರೆ ನನಗೆ ಧೈರ್ಯ ಬಂದಿದ್ದು ವಿಮಾನದಿಂದಲ್ಲ, ಚೇಣಿಯಿಂದ. ಚನ್ನಗಿರಿ, ಭದ್ರಾವತಿ ಕಡೆ ಚೇಣಿದಾರರು ತೋಟದ ಹಸಿ ಅಡಿಕೆ ಪೂರ್ತಿ ತಗೊಂಡು, ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಕ್ವಿಂಟಾಲ್ ಹಸಿಗೆ ಹನ್ನೆರಡು ಹದಿಮೂರು ಕೆ.ಜಿ. ಅಂತ ಮಾತಾಡಿಕೊಂಡಷ್ಟು ತಯಾರಾದ ಅಡಿಕೆ ತೋಟದವರಿಗೆ ಕೊಡುತ್ತಾರೆ. ನಡುವೆ ಏನು ಕೆಟ್ಟರೂ ಚೇಣಿದಾರನದೇ ಹೊಣೆ. ನಾನು ಮಾಡಬೇಕಾಗಿದ್ದು ಅದರಲ್ಲಿ ಒಂದೇ ತುಂಡು, ಸುಲಿಯೋದು. ಹಿಟ್ಟಿನ ಗಿರಣಿಯನ್ನೇನು ಯಾರಾದರೂ ಮನೆಗೊಂದು ಕೊಂಡುಕೊಳ್ಳುತ್ತಾರಾ? ಟ್ರ್ಯಾಕ್ಟರ್, ಟಿಲ್ಲರ್ ಬಾಡಿಗೆಗೆ ತರೋದೂ 2014-15ರಲ್ಲಿ ಸರ್ಕಾರ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರ ಶುರು ಮಾಡಿದ ಮೇಲೆ ರೈತರಿಗೆ ಅಭ್ಯಾಸವಾಗಿತ್ತು.

ಮೊದಲ ಸೀಸನ್‌ಗೆ ಐದು ಮಷಿನ್ ಇಳಿಸಿದೆವು. ಒಂದೊಂದಕ್ಕೂ ಒಬ್ಬ ಹುಡುಗ, ಸಾಗಿಸೋಕೆ ಗೂಡ್ಸ್ ಆಟೋ. ಇಂಥ ಕೆಲಸಕ್ಕೆ ಇಳಿಯುವ ಯಾರಿಗಾದರೂ ನಾನು ಹೇಳೋ ಮೊದಲ ಮಾತು ಒಂದೇ: ಯಾವುದನ್ನು ಅಳೆದು ದುಡ್ಡು ತಗೊಳ್ಳುತ್ತೀರಿ ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ನಾವು ಮಾಡಿಕೊಂಡಿರಲಿಲ್ಲ.

ಗಂಟೆ ಲೆಕ್ಕ ಅಂತ ಶುರು ಮಾಡಿದೆವು. ಎರಡನೇ ದಿನಕ್ಕೇ ಗಲಾಟೆ. ಕರೆಂಟ್ ಹೋದ ಹೊತ್ತು ಯಾರದು? ಅಡಿಕೆ ಕೊನೆಯಿಂದ (ಗೊನೆಯಿಂದ) ಕಾಯಿ ಉದುರಿಸೋರು ತಡ ಮಾಡಿದ್ರೆ ಅದು ಯಾರದು? ನಮ್ಮ ಹುಡುಗ ಟೀಗೆ ಎದ್ದರೂ ಮನೆಯವರು ಗಡಿಯಾರ ನೋಡೋಕೆ ಶುರು ಮಾಡಿದರು. ಆಮೇಲೆ ಹಸಿ ತೂಕಕ್ಕೆ ಬಂದೆವು. ತೀರ್ಥಹಳ್ಳಿ ಕಡೆ ಅಕಾಲ ಮಳೆ ಬಂತು. ನೆಂದ ಅಡಿಕೆ ತಕ್ಕಡಿಗೆ ಹಾಕಿದಾಗ ಆ ಮನೆಯ ಗೌಡರು ನಗುತ್ತಲೇ, "ಮಳೆನೀರು ಸುಲಿಯೋಕೂ ದುಡ್ಡು ಕೊಡ್ಬೇಕಾ ಮಾರಾಯ್ರೆ?" ಅಂದರು. ನ್ಯಾಯವಾದ ಮಾತು. ಕೊನೆಗೆ ನಿಂತಿದ್ದು ಸುಲಿದ ಅಡಿಕೆಯ ತೂಕದ ಮೇಲೆ. ದರ ಕೈಯಲ್ಲಿ ಸುಲಿಯುವ ಕೂಲಿಗಿಂತ ಸ್ವಲ್ಪ ಕಮ್ಮಿ. ರಾಶಿಯಿಂದ ಒಂದು ಕೆ.ಜಿ. ತೆಗೆದು ಎಣಿಸೋದು. ನೂರರಲ್ಲಿ ನಾಲ್ಕಕ್ಕಿಂತ ಜಾಸ್ತಿ ಗಾಯವಾಗಿದ್ದರೆ ಆ ಪಾಲಿಗೆ ನಾವು ದುಡ್ಡು ಕೇಳೋ ಹಾಗಿಲ್ಲ. ಮಂಡಿಯಲ್ಲಿ ರಾಶಿ ಇಡಿ ಅಂತ ಕರೆಯೋ ದರ್ಜೆಯ ಅಡಿಕೆ ಅಂದರೇನೇ ಇಡಿಯಾಗಿರಬೇಕು. ಹೋಳಾದ ಅಡಿಕೆಗೆ ಆ ರೇಟು ಸಿಗಲ್ಲ.

ಈ ನಾಲ್ಕರ ಮಿತಿ ನಮ್ಮ ಡಿಸೈನನ್ನೇ ತಿರುಗಿಸಿ ಹಾಕಿತು. ಮೊದಲು "ಗಾಯ ಬೀಳ್ತಿದೆ" ಅಂತ ಫೋನ್ ಬಂದರೆ "ಸ್ಪ್ರಿಂಗ್ ಸ್ವಲ್ಪ ಸಡಿಲ ಮಾಡಿ" ಅಂತ ಹೇಳಿ ಇಟ್ಟುಬಿಡುತ್ತಿದ್ದೆ. ಈಗ ಗಾಯ ಬಿದ್ದರೆ ನನ್ನ ಜೇಬಿಗೆ ಕತ್ತರಿ. ಆ ಸೀಸನ್‌ನಲ್ಲಿ ವಾರಕ್ಕೆ ಮೂರು ರಾತ್ರಿ ಯಾವುದಾದರೂ ಅಂಗಳದಲ್ಲಿ ಕೂತಿರುತ್ತಿದ್ದೆ.

ನಮ್ಮ ಮಷಿನ್‌ನ ಒಳಗೆ ಏನಿದೆ ಹೇಳುತ್ತೇನೆ. ಅಡಿಕೆ ಹಾಪರ್‌ನಿಂದ, ಅಂದರೆ ಕಾಯಿ ಸುರಿಯುವ ಮೇಲಿನ ಡಬ್ಬದಿಂದ, ಒಂದೊಂದಾಗಿ ಇಳಿಜಾರಿನ ದಾರಿಗೆ ಬರುತ್ತದೆ. ಕೆಳಗೆ ತಿರುಗುವ ಹಲ್ಲಿನ ಚಕ್ರ, ಅದರ ಎದುರು ಸ್ಪ್ರಿಂಗಿನ ಮೇಲೆ ನಿಂತ ಬ್ಲೇಡು. ಹಲ್ಲು ಸಿಪ್ಪೆಯನ್ನು ಹಿಡಿದು ಎಳೆಯುತ್ತದೆ, ಬ್ಲೇಡು ಸೀಳುತ್ತದೆ. ಅಡಿಕೆ ಕೆಳಗೆ, ಸಿಪ್ಪೆ ಆಚೆ. ಕಷ್ಟ ಇರೋದು ಗಾತ್ರದಲ್ಲಿ. ಒಂದೇ ಕೊನೆಯಲ್ಲಿ ದಪ್ಪ, ಸಣ್ಣ, ಎಳತು, ಬಲಿತಿದ್ದು ಎಲ್ಲ ಇರುತ್ತೆ. ದಪ್ಪ ಕಾಯಿಗೆ ಬ್ಲೇಡು ಬೇಕಾದ್ದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು ಒಳಗೆ ಹೋದರೂ ಗಾಯ. ಸಣ್ಣದಕ್ಕೆ ಅದೇ ಬ್ಲೇಡು ತಾಗೋದೇ ಇಲ್ಲ, ಸುಲಿಯದೆ ಹಾಗೇ ಹೊರಗೆ ಬರುತ್ತೆ.

ಹೊಸನಗರ ಕಡೆ ಕಳಿಸಿದ್ದ ಮಷಿನ್‌ನಲ್ಲಿ ಮಾತ್ರ ಗಾಯ ಕಮ್ಮಿ ಬರುತ್ತಿತ್ತು. ಅಡಿಕೆಯ ತಳಿ ಬೇರೆ ಇರಬೇಕು ಅಂದುಕೊಂಡೆ. ಹೋಗಿ ಕವರ್ ಬಿಚ್ಚಿ ನೋಡಿದರೆ ನಮ್ಮ ಹುಡುಗ ಬ್ಲೇಡಿನ ಒಂದು ಮೂಲೆಯನ್ನು ಅರ ಹಾಕಿ ಉಜ್ಜಿಬಿಟ್ಟಿದ್ದ. ಹದ ಹಾಕಿಸಿದ ಬ್ಲೇಡು ಅದು! ಚೆನ್ನಾಗಿ ಬೈದೆ. ಅವನು ತಲೆ ತಗ್ಗಿಸಿಕೊಂಡು, "ಅಮ್ಮನ ಮೆಟ್ಟುಗತ್ತಿ ಹೀಗೇ ಇರೋದು ಸರ್" ಅಂದ.

ಅವನ ಮನೆಗೇ ಹೋದೆ. ಆ ತಾಯಿ ಮೂವತ್ತು ವರ್ಷದಿಂದ ಅಡಿಕೆ ಸುಲಿದವರು. ಮೆಟ್ಟುಗತ್ತಿಯನ್ನು ಕಾಲಿನಡಿ ಒತ್ತಿ ಹಿಡಿದು, ಕಾಯಿಯ ತೊಟ್ಟಿನ ಕಡೆಯಿಂದ ಚುಚ್ಚಿ, ತಿರುಗಿಸಿ, ಎರಡೇ ಏಟಿಗೆ ಸಿಪ್ಪೆ ಬಿಡಿಸಿದರು. "ಅಕ್ಕ, ನಿಧಾನ ಮಾಡಿ, ಇನ್ನೊಂದ್ಸಲ" ಅಂತ ಮೊಬೈಲಲ್ಲಿ ಹಿಡಿದುಕೊಂಡೆ. ವರ್ಕ್‌ಶಾಪಿನಲ್ಲಿ ಅದನ್ನು ನಿಧಾನಗತಿಯಲ್ಲಿ ಹಾಕಿ ನೋಡಿದಾಗ ಅರ್ಥವಾಯಿತು. ಅವರ ಕತ್ತಿ ಕೊಯ್ಯುತ್ತಿರಲಿಲ್ಲ. ತುದಿ ಒಳಗೆ ಹೋದ ಮೇಲೆ ಕತ್ತಿಯ ದಪ್ಪ ಬೆನ್ನು ಸಿಪ್ಪೆಯನ್ನು ಅಗಲಿಸುತ್ತಿತ್ತು, ಕಟ್ಟಿಗೆ ಸೀಳೋಕೆ ಆಪು ಬಡಿದ ಹಾಗೆ. ನಮ್ಮ ಬ್ಲೇಡು ಉದ್ದಕ್ಕೂ ಚೂಪಾಗಿದ್ದೇ ತಪ್ಪು. ತುದಿ ಮಾತ್ರ ಚೂಪು, ಹಿಂದೆ ಮೊಂಡು ಮಾಡಿ ಹತ್ತು ಬ್ಲೇಡು ಮಾಡಿಸಿದೆವು. ಮೂಲೆಯ ಓರೆ ಎಷ್ಟಿರಬೇಕು ಅನ್ನೋದಕ್ಕೆ ಅಮ್ಮ, ಮಗ, ನಮ್ಮ ಫಿಟ್ಟರ್ ಮೂವರೂ ವರ್ಕ್‌ಶಾಪಿನ ಬೆಂಚಿನ ಹತ್ತಿರ ನಿಂತು ಒಂದಿಡೀ ದಿನ ಜಗಳವಾಡಿದ್ದಾರೆ. ಆ ಬ್ಲೇಡು ಹಾಕಿದ ಪ್ರತಿ ಮಷಿನ್‌ಗೂ ಅವನಿಗೆ ಇಷ್ಟು ಅಂತ ಕೊಡುತ್ತೇವೆ. ಅಮ್ಮನಿಗೂ ಕೊಡಬೇಕು ಅಂತ ನನ್ನ ಹೆಂಡತಿ ಹಟ ಹಿಡಿದು ಕೊಡಿಸಿದಳು.

ಇನ್ನೊಂದು ತಪ್ಪು ಇದಕ್ಕಿಂತ ನಾಚಿಕೆಯದು. ರಾತ್ರಿ ಕೆಲಸ ನಿಲ್ಲಿಸಿದಾಗ ಮಷಿನ್‌ನ ಇಳಿಜಾರಿನಲ್ಲಿ ಉಳಿದ ಅಡಿಕೆ ಬೆಳಿಗ್ಗೆ ಕಪ್ಪಾಗಿರುತ್ತಿತ್ತು. ಅಡಿಕೆಯ ಒಗರಿನಲ್ಲಿ ಟ್ಯಾನಿನ್ ಇದೆ, ಅದು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಸಂಗತಿ. ಮಲೆನಾಡಿನ ಹಳೇ ಮನೆಗಳಲ್ಲಿ ಅಡಿಕೆ ಬೇಯಿಸೋಕೆ ತಾಮ್ರದ ಹಂಡೆ ಇದ್ದಿದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಏಳು ವರ್ಷ ಕಬ್ಬಿಣದ ಶೀಟಿಗೆ ಬಣ್ಣ ಹೊಡೆದು ಮಾರಿದೆ. ಬಣ್ಣ ಎರಡು ತಿಂಗಳಿಗೆ ಎದ್ದು ಹೋಗುತ್ತೆ ಅಂತ ಗೊತ್ತಿತ್ತು. ಸ್ಟೀಲ್ ಹಾಕಿದರೆ ರೇಟು ಏರುತ್ತೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಅನ್ನೋ ಭಯ. ಮಷಿನ್ ನನ್ನದೇ ಆದ ಮೇಲೆ ಲೆಕ್ಕ ಉಲ್ಟಾ ಆಯಿತು. ಸ್ಟೀಲ್ ಶೀಟು ಎಷ್ಟೋ ವರ್ಷ ಬರುತ್ತೆ, ಬಣ್ಣ ಹೊಡೆಸೋ ಕೂಲಿ ಉಳಿಯುತ್ತೆ. ಮೊದಲ ಬೇಸಿಗೆಯಲ್ಲೇ ಐದಕ್ಕೂ ಬದಲಾಯಿಸಿದೆ. ಬೇರಿಂಗಿಗೆ ಒಳ್ಳೆ ಸೀಲು, ಸ್ಪ್ಯಾನರ್ ಇಲ್ಲದೆ ಬಿಚ್ಚುವ ಕವರ್, ಕಮ್ಮಿ ವೋಲ್ಟೇಜಿಗೆ ಮೋಟಾರು ಸುಡದ ಹಾಗೆ ಕಟ್-ಆಫ್, ಇವೆಲ್ಲ ಹೀಗೇ ಬಂದವು.

ಹಾಗಂತ ಬಳಸೋರು ಹೇಳಿದ್ದೆಲ್ಲ ಸರಿ ಇರುತ್ತೆ ಅಂತ ಅಲ್ಲ. "ಹಾಪರ್ ದೊಡ್ಡದು ಮಾಡಿ, ಪದೇ ಪದೇ ಸುರಿಯೋಕಾಗಲ್ಲ" ಅಂತ ಎಲ್ಲರೂ ಹೇಳಿದರು. ಮಾಡಿಸಿದೆವು. ಕಾಯಿಗಳು ಬಾಯಿಯ ಹತ್ತಿರ ಒಂದಕ್ಕೊಂದು ಒತ್ತಿಕೊಂಡು ಕಮಾನಿನ ಹಾಗೆ ನಿಂತುಬಿಡುತ್ತಿದ್ದವು. ಕೋಲು ಹಾಕಿ ಕೆದಕೋಕೆ ಇನ್ನೊಬ್ಬ ಆಳು ಬೇಕಾಯ್ತು. ವಾಪಸ್ ಸಣ್ಣದನ್ನೇ ಹಾಕಿದೆವು. ನನ್ನ ಸ್ವಂತ ಬುದ್ಧಿವಂತಿಕೆಯೂ ಹಾಳಾಯಿತು. ಮೋಟಾರು ಎಷ್ಟು ಹೊತ್ತು ಓಡಿತು ಅಂತ ಫೋನಿಗೇ ತಿಳಿಸುವ ಸಿಮ್ ಹಾಕಿದ ಮೀಟರ್ ತರಿಸಿದೆ. ಆಗುಂಬೆ ಕಡೆಯ ತೋಟಗಳಲ್ಲಿ ಮಾತಾಡೋಕೇ ಸಿಗ್ನಲ್ ಇಲ್ಲ, ಮೀಟರ್ ಏನು ಕಳಿಸುತ್ತೆ? ಈಗ ಸಾದಾ ಗಂಟೆ ಮೀಟರ್ ಇದೆ. ಹುಡುಗರು ಪೇಟೆಗೆ ಬಂದಾಗ ಅದರ ಫೋಟೋ ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ಅಷ್ಟು ಸಾಕಾಗಿದೆ.

ದುಡ್ಡಿನ ವಿಷಯ ಹೇಳದಿದ್ದರೆ ಮೋಸ ಮಾಡಿದ ಹಾಗೆ. ಮಾರಿದಾಗ ದುಡ್ಡು ಒಂದೇ ಸಲ ಬರುತ್ತಿತ್ತು. ಈಗ ಮಷಿನ್ ಮಾಡೋ ಖರ್ಚು ಪೂರ್ತಿ ನನ್ನದು, ಅದು ಎರಡು ಮೂರು ಸೀಸನ್‌ನಲ್ಲಿ ಚೂರು ಚೂರಾಗಿ ವಾಪಸ್ ಬರುತ್ತೆ. ಸೀಸನ್ ಇರೋದು ನಾಲ್ಕು ತಿಂಗಳು. ಬ್ಯಾಂಕಿನವರು ಮಾರಾಟದ ಬಿಲ್ ಕೇಳುತ್ತಾರೆ, ಅಂಗಳದ ಚೀಟಿಗಳನ್ನು ನಂಬಲ್ಲ. ಮೊದಲೆರಡು ವರ್ಷ ಮನೆಯ ಚಿನ್ನ ಅಡ ಇತ್ತು. ಉಸಿರಾಡೋಕೆ ಆಗಿದ್ದು ಮಷಿನ್‌ಗಳನ್ನು ಕೊಯ್ಲಿನ ಹಿಂದೆ ಓಡಿಸೋಕೆ ಶುರು ಮಾಡಿದ ಮೇಲೆ. ಬಯಲುಸೀಮೆಯ ಚನ್ನಗಿರಿ ಕಡೆ ಕೊಯ್ಲು ಬೇಗ ಶುರುವಾಗುತ್ತೆ. ಅಲ್ಲಿ ಮುಗಿಸಿ ತೀರ್ಥಹಳ್ಳಿ, ಹೊಸನಗರಕ್ಕೆ ಏರೋದು. ಆಮೇಲೆ ಕರಾವಳಿಯ ಚಾಲಿಗೂ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಅಡಿಕೆ ಸುಲಿಯೋಕೂ, ಹೋಗೋಣ ಅಂತ ಆಸೆಪಟ್ಟೆ. ಬಿಸಿಲಲ್ಲಿ ನಲವತ್ತು ನಲವತ್ತೈದು ದಿನ ಒಣಗಿದ ಕಾಯಿಯ ಕತೆಯೇ ಬೇರೆ. ಅದಕ್ಕೆ ನಮ್ಮ ಮಷಿನ್ ಆಗಲ್ಲ, ಬಿಟ್ಟೆ.

ಎಲೆಚುಕ್ಕೆ ರೋಗ ಬಂದ ವರ್ಷ ಮಾತ್ರ ನಿಜವಾಗಿ ಹೆದರಿದೆ. ಮಲೆನಾಡಿನ ಕೆಲವು ತೋಟಗಳಲ್ಲಿ ಫಸಲು ಅರ್ಧಕ್ಕಿಳಿಯಿತು, ನನ್ನ ತೂಕವೂ ಅರ್ಧ. ಹುಡುಗರ ಸಂಬಳ, ಆಟೋ ಬಾಡಿಗೆ ಅರ್ಧ ಆಗಲ್ಲವಲ್ಲ. ಬರೀ ಮಾರುವವನಾಗಿದ್ದರೆ ತೋಟದವರ ನಷ್ಟ ನನಗೆ ಒಂದು ವರ್ಷ ತಡವಾಗಿ ತಗಲುತ್ತಿತ್ತು, ಈಗ ಅದೇ ವಾರ. ಕನಿಷ್ಠ ಇಷ್ಟು ಕೊಡಲೇಬೇಕು ಅಂತ ಕರಾರು ಮಾಡೋಣ ಅಂದರೆ ಯಾರೂ ಒಪ್ಪಲಿಲ್ಲ. ಒಪ್ಪದಿದ್ದದ್ದು ಅವರ ತಪ್ಪೂ ಅಲ್ಲ. ಆ ಸಲ ಚನ್ನಗಿರಿಯ ಫಸಲು ಕೈ ಹಿಡಿಯಿತು.

ಮಾರೋದನ್ನು ಪೂರ್ತಿ ನಿಲ್ಲಿಸಿಲ್ಲ. "ನನ್ನ ಅಂಗಳದಲ್ಲಿ ನನ್ನ ಮಷಿನ್ನೇ ಇರ್ಬೇಕು" ಅನ್ನುವವರು ಈಗಲೂ ಬರುತ್ತಾರೆ. ಅವರಿಗೂ ಬಾಡಿಗೆ ಮಷಿನ್‌ನ ಡಿಸೈನನ್ನೇ ಕೊಡುತ್ತೇವೆ, ಸ್ಟೀಲ್ ಶೀಟು, ಮೊಂಡು ಬೆನ್ನಿನ ಬ್ಲೇಡು ಸಮೇತ. ರೇಟು ಪಕ್ಕದ ಅಂಗಡಿಗಿಂತ ಜಾಸ್ತಿ. ಕೆಲವರು ಕೇಳಿ ಎದ್ದು ಹೋಗುತ್ತಾರೆ.

ಈಗ ತಲೆ ಕೆಡಿಸಿರೋದು ಸದ್ದು. ಮೊದಲು ಸುಲಿಯೋ ರಾತ್ರಿಗಳಲ್ಲಿ ಅಂಗಳದ ತುಂಬ ಮಾತಿರುತ್ತಿತ್ತು. ಈಗಲೂ ಅಡಿಕೆ ಆರಿಸೋಕೆ, ಸುಲಿಯದೆ ಉಳಿದಿದ್ದನ್ನು ಕೈಯಲ್ಲಿ ಸುಲಿಯೋಕೆ ಐದಾರು ಹೆಂಗಸರು ಕೂತಿರುತ್ತಾರೆ. ಮಷಿನ್ ಹತ್ತಿರ ಮಾತು ಕೇಳಿಸಲ್ಲ ಅಂತ ಅವರು ಜಗಲಿಯ ಆ ತುದಿಗೆ ಹೋಗಿ ಕೂರುತ್ತಾರೆ. ಅಷ್ಟು ದೂರಕ್ಕೆ ಬುಟ್ಟಿ ಹೊತ್ತುಕೊಂಡು ಹೋಗಿ ಸುರಿಯೋದರಲ್ಲೇ ನಮ್ಮ ಹುಡುಗನ ಅರ್ಧ ಹೊತ್ತು ಹೋಗುತ್ತೆ. ಸಿಪ್ಪೆ ಬಡಿಯೋ ತಗಡಿಗೆ ಒಳಗಡೆಯಿಂದ ರಬ್ಬರ್ ಹಾಳೆ ಅಂಟಿಸಿ, ಮೋಟಾರಿನ ಕೆಳಗೆ ಬುಷ್ ಕೊಟ್ಟು ಒಂದು ಮಷಿನ್ ಸಿದ್ಧ ಮಾಡಿದ್ದೇವೆ. ಭಾನುವಾರ ಹೊಸನಗರಕ್ಕೆ ತಗೊಂಡು ಹೋಗುತ್ತಿದ್ದೇನೆ. ಆ ಅಮ್ಮ ಪಕ್ಕದಲ್ಲಿ ಕೂತು ಮಾತಾಡಿ ನೋಡುತ್ತೇನೆ ಅಂದಿದ್ದಾರೆ.