ದುಡ್ಡು ಬೆಳಿಗ್ಗೆ ಕೊಡಿ: ಹುಮನಾಬಾದಿನ ಹೆದ್ದಾರಿ ಲಾಡ್ಜಿನಲ್ಲಿ ನಾನು ಮಾಡಿ ನೋಡಿದ್ದು

ಸುತ್ತಮುತ್ತಲಿನ ಲಾಡ್ಜಿನವರು ನನ್ನದಕ್ಕೆ 'ಉದ್ರಿ ಲಾಡ್ಜ್' ಎಂದು ಹೆಸರಿಟ್ಟಿದ್ದರು. ರಾತ್ರಿ ಬಂದವರಿಂದ ಒಂದು ರೂಪಾಯಿಯನ್ನೂ ಮುಟ್ಟದೆ ಕೀಲಿ ಕೊಟ್ಟು ಕಳಿಸುವ ಮಾಲೀಕನನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. 'ಆರು ತಿಂಗಳಲ್ಲಿ ಗಾದಿ ದಿಂಬು ಮಾರಿ ಊರಿಗೆ ಹೋಗುತ್ತಾನೆ' ಎಂದು ಪಣ ಕಟ್ಟಿದವರೂ ಇದ್ದರು. ಈಗ ಅವರಲ್ಲಿಯೇ ಇಬ್ಬರು ಚಹಾ ಕುಡಿಯುವ ನೆಪದಲ್ಲಿ ಬಂದು, ನನ್ನ ಗಲ್ಲೆಯ ಮೇಲಿರುವ ಕಡಿತದ ವಹಿಯನ್ನು, ಅಂದರೆ ಗಿರಾಕಿಗಳು ಬಾಡಿಗೆಯಲ್ಲಿ ಮುರಿದುಕೊಂಡ ಹಣವನ್ನು ಬರೆದಿಡುವ ಪುಸ್ತಕವನ್ನು, ತಿರುವಿ ಹಾಕಿ ಹೋಗಿದ್ದಾರೆ. ಕದ್ದು ಓದುವುದಕ್ಕಿಂತ ನಾನೇ ಬರೆದುಕೊಡುವುದು ಮೇಲು. ಲೈಸೆನ್ಸು, ಪೊಲೀಸ್ ಠಾಣೆಗೆ ತೋರಿಸುವ ರಿಜಿಸ್ಟರು, ಗುರುತಿನ ಚೀಟಿಯ ನಕಲು ಇವೆಲ್ಲ ನಿಮಗೆ ಗೊತ್ತಿರುವುದೇ, ಅದರ ಗೊಡವೆಗೆ ಹೋಗುವುದಿಲ್ಲ.

ನನ್ನದು ಹನ್ನೆರಡು ಕೋಣೆ. ಹೈದರಾಬಾದ್–ಸೊಲ್ಲಾಪುರ ರಸ್ತೆ, ಮೊದಲು 9ನೇ ನಂಬರು, ಈಗ 65. ಬೀದರಿನಿಂದ ಕಲಬುರಗಿಗೆ ಹೋಗುವ 50ನೇ ನಂಬರಿನ ಹೆದ್ದಾರಿಯೂ ಹುಮನಾಬಾದಿನಲ್ಲಿಯೇ ಇದಕ್ಕೆ ಅಡ್ಡ ಬರುತ್ತದೆ. ಹೈದರಾಬಾದಿಗೂ ಸೊಲ್ಲಾಪುರಕ್ಕೂ ಇಲ್ಲಿಂದ ಹೆಚ್ಚುಕಡಿಮೆ ನೂರೈವತ್ತು ಕಿಲೋಮೀಟರ್. ಸಂಜೆ ಮನೆ ಬಿಟ್ಟವರಿಗೆ ಕಣ್ಣು ಎಳೆಯುವುದು ನಮ್ಮೂರಿನ ಹತ್ತಿರವೇ. ತುಳಜಾಪುರ, ಪಂಢರಪುರ, ಅಕ್ಕಲಕೋಟೆಗೆ ಹೊರಟ ತೆಲಂಗಾಣದ ಕುಟುಂಬಗಳು, ಗಾಣಗಾಪುರದಲ್ಲಿ ದತ್ತನ ದರ್ಶನ ಮುಗಿಸಿ ಮಾಣಿಕನಗರಕ್ಕೆ ಬರುವ ಮರಾಠಿ ಭಕ್ತರು, ತೊಗರಿ ವ್ಯಾಪಾರಿಗಳು, ಔಷಧಿ ಕಂಪನಿಗಳ ಪ್ರತಿನಿಧಿಗಳು, ಇವರೇ ನನ್ನ ಗಿರಾಕಿಗಳು. ಇಷ್ಟೆಲ್ಲ ಜನ ಎದುರಿಗೆ ಹಾದು ಹೋಗುತ್ತಿದ್ದರೂ ನಾನು ದಿನಕ್ಕೆ ನಾಲ್ಕು ಕೋಣೆ ತುಂಬಿಸಲು ಪರದಾಡುತ್ತಿದ್ದೆ. ಬಾಡಿಗೆ ಐದುನೂರು. ಅದರಲ್ಲಿಯೂ ಚೌಕಾಸಿ.

ಎಲ್ಲರೂ ಮಾಡುವುದನ್ನು ನಾನೂ ಮಾಡಿದ್ದೇನೆ. ಮಿನುಗುವ ಬೋರ್ಡು, ಹೊರಗೋಡೆಗೆ ಕಿತ್ತಳೆ ಬಣ್ಣ, ಪ್ರತಿ ಕೋಣೆಗೆ ಗೋಡೆ ಟಿವಿ, ಒಟ್ಟು ಒಂದೂವರೆ ಲಕ್ಷದ ಆಸುಪಾಸು ಸುರಿದೆ. ಒಂದು ಕೋಣೆಯೂ ಹೆಚ್ಚಿಗೆ ತುಂಬಲಿಲ್ಲ. ನಂತರ ಮೊಬೈಲಿನಲ್ಲಿ ಬುಕಿಂಗ್ ಮಾಡಿಸುವ ಕಂಪನಿಯೊಂದರ ಕೈ ಹಿಡಿದೆ. ಅವರು ನೂರಕ್ಕೆ ಇಪ್ಪತ್ತಕ್ಕೂ ಮೇಲೆ ಮುರಿದುಕೊಂಡರು. ಅದಕ್ಕಿಂತ ಕೆಟ್ಟದ್ದೆಂದರೆ, ಗಿರಾಕಿ ನನ್ನ ಎದುರು 'ಎಲ್ಲ ಚೆನ್ನಾಗಿತ್ತು' ಎಂದು ನಕ್ಕು ಹೋಗಿ, ಜಹೀರಾಬಾದ್ ದಾಟಿದ ಮೇಲೆ ಫೋನಿನಲ್ಲಿ ನನ್ನ ಮಾನ ಕಳೆಯುತ್ತಿದ್ದ. ಏನು ಸರಿಯಿಲ್ಲ ಎಂದು ಆ ನಾಲ್ಕು ಸಾಲುಗಳಿಂದ ತಿಳಿಯುತ್ತಿರಲಿಲ್ಲ. 'ಕೆಟ್ಟ ಅನುಭವ' ಎಂದು ಬರೆದರೆ ನಾನು ಯಾವ ನಲ್ಲಿಯನ್ನು ರಿಪೇರಿ ಮಾಡಿಸಲಿ?

ದುಡ್ಡು ಕೊಟ್ಟಾದವನು ಬಾಯಿ ಬಿಡುವುದಿಲ್ಲ. ಕೀಲಿ ಒಗೆದು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ದುಡ್ಡು ಕೊಡಬೇಕಾದವನು ಮಾತ್ರ ಸೊಳ್ಳೆಯಿಂದ ಹಿಡಿದು ಸೋಪಿನವರೆಗೆ ಎಲ್ಲವನ್ನೂ ಹೇಳುತ್ತಾನೆ. ಹಾಗಾದರೆ ದುಡ್ಡು ಬೆಳಿಗ್ಗೆಯೇ ತೆಗೆದುಕೊಳ್ಳೋಣ ಎಂದು ತೀರ್ಮಾನಿಸಿದೆ. ಗಲ್ಲೆಯ ಹಿಂದೆ ಕನ್ನಡ, ಮರಾಠಿ, ತೆಲುಗು, ಹಿಂದಿಯಲ್ಲಿ ಬರೆಸಿ ಹಾಕಿದೆ: ಕೋಣೆ ನೋಡಿ, ಮಲಗಿ, ದುಡ್ಡು ಬೆಳಿಗ್ಗೆ ಕೊಡಿ, ತೊಂದರೆಯಾಗಿದ್ದರೆ ಹೇಳಿ ಬಾಡಿಗೆಯಲ್ಲಿ ಮುರಿದುಕೊಳ್ಳಿ. ಕಾರಣ ಹೇಳದೆ ಒಂದು ರೂಪಾಯಿಯನ್ನೂ ಬಿಡುವುದಿಲ್ಲ. ಕಾರಣ ಹೇಳಿದರೆ ಹುಡುಗ ಕೋಣೆಗೆ ಹೋಗಿ ನೋಡಿ ಬರುತ್ತಾನೆ, ಕೋಣೆಯ ನಂಬರು, ಕಾರಣ, ಬಿಟ್ಟ ಹಣ ವಹಿಯಲ್ಲಿ ಏರುತ್ತವೆ.

'ಓಡಿ ಹೋದರೆ?' ಎಂದು ಕೇಳದವರೇ ಇಲ್ಲ. ನನ್ನ ಭಾವಮೈದುನನಂತೂ ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟ. ಓಡಿ ಹೋದವರಿದ್ದಾರೆ, ನೂರಕ್ಕೆ ಇಬ್ಬರೋ ಮೂವರೋ. ಬುಕಿಂಗ್ ಕಂಪನಿ ಮುರಿದುಕೊಳ್ಳುತ್ತಿದ್ದುದರ ಮುಂದೆ ಈ ಕಳ್ಳರು ಎಷ್ಟೋ ವಾಸಿ. ಅಷ್ಟಕ್ಕೂ ನಾನೇನು ಬರಿಗೈಯಲ್ಲಿ ಕುಳಿತಿಲ್ಲ. ಕಾರು ನಿಲ್ಲುವುದು ಹಿಂದಿನ ಅಂಗಳದಲ್ಲಿ, ರಾತ್ರಿ ಹನ್ನೊಂದಕ್ಕೆ ಗೇಟಿಗೆ ಬೀಗ, ಕೀಲಿ ಕಾವಲುಗಾರನ ಸೊಂಟದಲ್ಲಿ. ಕಾರಿನ ಸುರಕ್ಷತೆಗೆ ಎಂದು ಗಿರಾಕಿಗಳೂ ಸಂತೋಷಪಡುತ್ತಾರೆ. ನಸುಕಿನಲ್ಲಿ ಹೊರಡುವವನು ಕಾವಲುಗಾರನನ್ನು ಎಬ್ಬಿಸಲೇಬೇಕು.

ಮೊದಲ ತಿಂಗಳು ಒಂಬತ್ತು ಸಾವಿರದಷ್ಟು ಬಿಟ್ಟುಕೊಟ್ಟೆ. ಎದೆ ಧಸಕ್ಕೆಂದಿತು. ಆದರೆ ಆ ವಹಿಯನ್ನು ಹಿಡಿದು ಕುಳಿತಾಗ ಗೊತ್ತಾಯಿತು: ಟಿವಿಯ ಬಗ್ಗೆ ಒಬ್ಬರು ದೂರಿದ್ದರೆ, ಬಚ್ಚಲಿನ ವಾಸನೆಯ ಬಗ್ಗೆ ಹತ್ತಾರು ಜನ. ಅದೂ ತುಂಬಿ ತುಳುಕುವ ಕೋಣೆಗಳಿಂದಲ್ಲ, ನಾಲ್ಕೈದು ದಿನ ಖಾಲಿ ಬಿದ್ದಿದ್ದ ಕೋಣೆಗಳಿಂದ. ಪ್ಲಂಬರನು ಪೈಪು ಒಡೆಯಬೇಕು ಎಂದು ಅರವತ್ತು ಸಾವಿರದ ಅಂದಾಜು ಕೊಟ್ಟ. ಅಗತ್ಯವೇ ಇರಲಿಲ್ಲ. ನೆಲದ ನಹಾನಿ ಟ್ರ್ಯಾಪಿನಲ್ಲಿ, ಅಂದರೆ ಬಚ್ಚಲಿನ ನೀರು ಹೊರಹೋಗುವ ಜಾಲರಿಯ ಕೆಳಗಿನ ಬಟ್ಟಲಿನಲ್ಲಿ, ನಿಲ್ಲುವ ನೀರು ಗಟಾರದ ಗಾಳಿಯನ್ನು ತಡೆಯುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಖಾಲಿ ಕೋಣೆಯ ಆ ನೀರು ಆರಿ ಹೋಗುತ್ತಿತ್ತು, ಅಷ್ಟೇ. ಈಗ ಖಾಲಿ ಕೋಣೆಗೂ ದಿನ ಬಿಟ್ಟು ದಿನ ಎರಡು ತಂಬಿಗೆ ನೀರು. ಬಹಳ ದಿನ ಮುಚ್ಚಿಡುವ ಕೋಣೆಯಾದರೆ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ, ನೀರು ಆರುವುದು ನಿಧಾನವಾಗುತ್ತದೆ. ಅರವತ್ತು ಸಾವಿರದ ಕೆಲಸ ಒಂದು ಚಮಚ ಎಣ್ಣೆಯಲ್ಲಿ ಮುಗಿಯಿತು. ಈ ಮಾತನ್ನು ಪ್ಲಂಬರನ ಮುಂದೆ ಹೇಳಿದಾಗ ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಬೋರಿನ ಗಡಸು ನೀರಿನಿಂದ ಷವರಿನ ತೂತು ಕಟ್ಟಿಕೊಳ್ಳುವುದು ಎರಡನೆಯದು. ಮೊದಲು ಆಸಿಡ್ ಹಾಕಿಸುತ್ತಿದ್ದೆ, ಕಲೆ ಹೋಗುತ್ತಿತ್ತು, ಜೊತೆಗೆ ಟೈಲ್ಸಿನ ಸಂದಿಯ ಸಿಮೆಂಟೂ ಹೋಗುತ್ತಿತ್ತು. ಈಗ ಷವರಿನ ಮುಖ ಬಿಚ್ಚಿ, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬಿಸಿ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡುತ್ತೇವೆ. ಕಮೋಡಿನ ಹಳದಿ ಗೆರೆಗೆ ಇದರೊಂದಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಚಹಾಕ್ಕೆ ಬಂದವರೂ ಅದನ್ನು ಕೇಳಿ ಸುಮ್ಮನೆ ಹಿಂತಿರುಗಿದ್ದಾರೆ.

ಸದ್ದಿನದು ದೊಡ್ಡ ಕಥೆ. ರಸ್ತೆಯ ಕಡೆಯ ಐದು ಕೋಣೆಗಳಲ್ಲಿ ಲಾರಿಗಳ ಹಾರ್ನು ಕಿವಿಯೊಳಗೇ ಊದಿದಂತೆ. ಮರ ನೆಟ್ಟರೆ ಸದ್ದು ತಡೆಯುತ್ತದೆ ಎಂದು ಯಾರೋ ಹೇಳಿದರು. ಕಾಂಪೌಂಡಿನ ಉದ್ದಕ್ಕೂ ಅಶೋಕ ಮರ ನೆಡಿಸಿದೆ. ಹದಿನೈದು ಸಾವಿರದ ಮೇಲೆ ಖರ್ಚು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೇರೆ. ಮರಗಳು ಚೆಂದ ಬೆಳೆದಿವೆ, ಸದ್ದು ಮಾತ್ರ ಅವುಗಳ ನಡುವೆ ಹಾದು ನೆಟ್ಟಗೆ ಮಂಚಕ್ಕೇ ಬರುತ್ತದೆ. ದಪ್ಪ ಪರದೆ ಹಾಕಿಸಿದೆ, ಬೆಳಕು ನಿಂತಿತು, ಸದ್ದು ನಿಲ್ಲಲಿಲ್ಲ. ಒಂದು ರಾತ್ರಿ ಮೂರನೇ ನಂಬರಿನ ಕೋಣೆಯಲ್ಲಿ ನಾನೇ ಮಲಗಿ, ಊದುಬತ್ತಿ ಹಚ್ಚಿ ಕಿಟಕಿಯ ಸುತ್ತ ಹಿಡಿದೆ. ಹೊಗೆ ಎಲ್ಲೆಲ್ಲಿ ಅಲುಗಿತೋ ಅಲ್ಲೆಲ್ಲ ಸಂದಿ. ಗಾಳಿ ಬರುವ ಕಡೆಯಿಂದ ಸದ್ದೂ ಬರುತ್ತದೆ. ಸಂದಿಗಳಿಗೆ ರಬ್ಬರ್ ಪಟ್ಟಿ, ಬಾಗಿಲಿನ ಕೆಳಗೆ ಬ್ರಷ್ ಪಟ್ಟಿ, ಹಳೆಯ ಗಾಜಿನ ಒಳಬದಿಗೆ ಅಂಗೈ ಅಗಲ ಬಿಟ್ಟು ಇನ್ನೊಂದು ದಪ್ಪ ಗಾಜು. ಎರಡೂ ಗಾಜುಗಳ ದಪ್ಪ ಒಂದೇ ಆಗಿರಬಾರದು, ಒಂದೇ ಆಗಿದ್ದರೆ ಒಂದು ಬಿಟ್ಟ ಸದ್ದನ್ನೇ ಇನ್ನೊಂದೂ ಬಿಡುತ್ತದೆ. ಕೋಣೆಗೆ ನಾಲ್ಕು ಸಾವಿರದೊಳಗೆ ಮುಗಿಯಿತು. ಪೂರ್ತಿ ನಿಶ್ಶಬ್ದ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಸದ್ದಿಗೆಂದು ಮುರಿದುಕೊಳ್ಳುವವರು ಈಗ ಎಲ್ಲೋ ಒಬ್ಬರು.

ತಿಗಣೆಯ ಬಗ್ಗೆ ನಮ್ಮ ಧಂದೆಯವರು ಮಾತೇ ಆಡುವುದಿಲ್ಲ, ತಮ್ಮಲ್ಲಿ ಇಲ್ಲವೇ ಇಲ್ಲ ಎನ್ನುತ್ತಾರೆ. ಇರುತ್ತದೆ ಸ್ವಾಮಿ. ಗಿರಾಕಿಯ ಚೀಲದಲ್ಲಿ ಬರುತ್ತದೆ. ಸೀಮೆಎಣ್ಣೆ ಬಳಿಸಿ ನೋಡಿದೆ, ತಿಗಣೆ ಉಳಿಯಿತು, ಗಿರಾಕಿ ವಾಸನೆಗೆ ಎದ್ದು ಹೋದ. ಔಷಧಿ ಹೊಡೆಯುವವನು ಎರಡು ಸಲ ಬಂದು ದುಡ್ಡು ಎಣಿಸಿಕೊಂಡು ಹೋದ. ಕೊನೆಗೆ ಕೈ ಹಿಡಿದದ್ದು ನಮ್ಮ ಬಿಸಿಲೇ. ಐವತ್ತು ಡಿಗ್ರಿ ಸೆಲ್ಸಿಯಸ್ ತಲುಪಿ ಸ್ವಲ್ಪ ಹೊತ್ತು ನಿಂತರೆ ತಿಗಣೆಯೂ ಸಾಯುತ್ತದೆ, ಅದರ ಮೊಟ್ಟೆಯೂ ಸಾಯುತ್ತದೆ. ಮೇ ತಿಂಗಳಲ್ಲಿ ಗಾದಿಗಳನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಮಾಳಿಗೆಯ ಮೇಲೆ ಹಾಕಿ, ಮಧ್ಯಾಹ್ನ ಮಗ್ಗುಲು ಬದಲಿಸಿ, ಮೂರ್ನಾಲ್ಕು ದಿನ ಬೇಯಿಸಿದೆ. ದಪ್ಪ ಗಾದಿಯ ಒಳಗೆ ಕಾವು ಇಳಿಯುವುದು ತಡ, ಅವಸರ ಮಾಡಬೇಡಿ. ಸಂದಿಗಳ ಮರದ ಮಂಚಗಳನ್ನೆಲ್ಲ ಮಾರಿ ಕಬ್ಬಿಣದ ಪೈಪಿನ ಮಂಚ ತಂದೆ. ಬಿಳಿ ಚಾದರ ಹಾಸುವುದನ್ನೂ ಆಗಲೇ ಶುರು ಮಾಡಿದ್ದು. ಕಲೆ ಕಾಣುತ್ತದೆ ಎಂದು ಧೋಬಿಯೇ ಬೇಡ ಎಂದಿದ್ದ. ಕಲೆ ಕಾಣಲಿ ಎಂದೇ ಬಿಳಿ.

ಕುಟುಂಬದವರು ಕೋಣೆ ನೋಡುವಾಗ ನಾನು ಗಂಡಸರನ್ನು ಗಮನಿಸುವುದೇ ಇಲ್ಲ. ಅವರು ಟಿವಿ ಹಚ್ಚಿ ಮಂಚದ ಮೇಲೆ ಕೂರುತ್ತಾರೆ. ಹೆಂಗಸರು ನೇರ ಬಚ್ಚಲಿಗೆ ಹೋಗಿ ನಲ್ಲಿ ತಿರುವುತ್ತಾರೆ, ಒಳಗಿನಿಂದ ಚಿಲಕ ಹಾಕಿ ನೋಡುತ್ತಾರೆ, ಮೇಲಿನ ಗಾಳಿಕಿಂಡಿಯ ಕಡೆ ಕಣ್ಣು ಎತ್ತುತ್ತಾರೆ. 'ಆಯಿತು' ಎನ್ನುವುದು ಅವರೇ. ಒಮ್ಮೆ ಉದಗೀರಿನ ಕಡೆಯ ಒಬ್ಬ ಅಜ್ಜಿ ಕೇಳಿದರು: 'ತಮ್ಮಾ, ಈ ಬಾಗಿಲಲ್ಲಿ ತೂತು ಏಕಿದೆ?' ಹಳೆಯ ಬೀಗ ಕಿತ್ತ ತೂತು ಅದು. ಅದೇ ವಾರ ಹನ್ನೆರಡೂ ಬಾಗಿಲುಗಳ ತೂತು ಮುಚ್ಚಿಸಿ, ಒಳಗೆ ಎರಡೆರಡು ಚಿಲಕ, ಗಾಳಿಕಿಂಡಿಗೆ ಮಬ್ಬು ಗಾಜು ಹಾಕಿಸಿದೆ. ಒಟ್ಟು ಏಳೆಂಟು ಸಾವಿರ. ಕಿತ್ತಳೆ ಬಣ್ಣಕ್ಕೆ ಸುರಿದದ್ದರಲ್ಲಿ ಇದು ಕಾಲು ಭಾಗವೂ ಅಲ್ಲ.

ನಡುವೆ ಒಂದು ಹುಚ್ಚು ಸಾಹಸವನ್ನೂ ಮಾಡಿದೆ. ಲಾರಿ ಚಾಲಕರು ಕೋಣೆ ಹಿಡಿಯುವುದಿಲ್ಲ, ಕ್ಯಾಬಿನ್ನಿನಲ್ಲಿಯೇ ಮಲಗುತ್ತಾರೆ. ಆದರೆ ಸ್ನಾನ? ಹಿಂದೆ ಎರಡು ಬಚ್ಚಲು ಕಟ್ಟಿಸಿ, ನೀರು ಕಾಯಿಸುವ ಕಟ್ಟಿಗೆಯ ಬಂಬು ಇಟ್ಟು, ಬಿಸಿ ನೀರಿನ ಸ್ನಾನಕ್ಕೆ ನಲವತ್ತು ರೂಪಾಯಿ ಎಂದು ಬೋರ್ಡು ಹಾಕಿದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ತೊಗರಿ ಲಾರಿಗಳು ಓಡಾಡುವ ಕಾಲದಲ್ಲಿ, ದಿನಕ್ಕೆ ಇಪ್ಪತ್ತೈದು ಮೂವತ್ತು ಜನ. ಏಪ್ರಿಲ್ ಬಂತು, ಬೋರು ಬತ್ತಿತು, ಟ್ಯಾಂಕರ್ ನೀರಿನಲ್ಲಿ ಅವರಿಗೆ ಸ್ನಾನ ಮಾಡಿಸಿದರೆ ನಾನೇ ಅವರಿಗೆ ದುಡ್ಡು ಕೊಟ್ಟಂತೆ. ಈಗ ಚಳಿಗಾಲದಲ್ಲಿ ಮಾತ್ರ. ಆದರೂ ಇದರಿಂದ ಬಂದ ಲಾಭ ಗಲ್ಲೆಯಲ್ಲಿ ಕಾಣುವುದಿಲ್ಲ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ 'ಇಲ್ಲಿ ಒಳ್ಳೆಯ ಲಾಡ್ಜ್ ಯಾವುದು?' ಎಂದು ಕೇಳುವವರಿಗೆ ಉತ್ತರ ಕೊಡುವವರು ಈ ಚಾಲಕರೇ.

ಲೆಕ್ಕಕ್ಕೆ ಬರುತ್ತೇನೆ. ಈಗ ಬಾಡಿಗೆ ಏಳುನೂರೈವತ್ತು, ಸರಾಸರಿ ಎಂಟೊಂಬತ್ತು ಕೋಣೆ ತುಂಬುತ್ತವೆ. ಕಡಿತ ತಿಂಗಳಿಗೆ ಸಾವಿರವೂ ಆಗುವುದಿಲ್ಲ. ಒಂದು ವರ್ಷದ ವಹಿವಾಟು ಇಪ್ಪತ್ತು ಲಕ್ಷ ದಾಟಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿ ಬಂತು. ಸಾವಿರದೊಳಗಿನ ಬಾಡಿಗೆಗೆ ಮೊದಲು ತೆರಿಗೆ ಇರಲಿಲ್ಲ, 2022ರ ಜುಲೈಯಲ್ಲಿ ಶೇಕಡಾ 12 ಹಾಕಿದರು, 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಯಿತು. ತೆರಿಗೆ ಕಟ್ಟುವಾಗ ಹೊಟ್ಟೆ ಉರಿಯುತ್ತದೆ, ಆದರೆ ಕಟ್ಟುವಷ್ಟು ದುಡಿದೆನಲ್ಲ ಎಂದು ಭಾವಮೈದುನನಿಗೆ ರಸೀದಿ ತೋರಿಸಿ ಬಂದೆ.

ಮಾಡಿ ನೋಡುವವರು ಈ ಪದ್ಧತಿಯನ್ನು ಒಂದೇ ಸಲಕ್ಕೆ ಎಲ್ಲ ಕೋಣೆಗೂ ಹಚ್ಚಬೇಡಿ. ಮಳೆಗಾಲದಲ್ಲಿ ಗಿರಾಕಿ ಕಡಿಮೆ ಇರುವಾಗ ಮೂರು ನಾಲ್ಕು ಕೋಣೆಗಳಿಂದ ಶುರು ಮಾಡಿ. ಗಲ್ಲೆಯ ಹುಡುಗನ ಸಂಬಳದಿಂದ ಕಡಿತದ ಹಣ ಮುರಿಯಬೇಡಿ, ಮುರಿದರೆ ವಹಿಯಲ್ಲಿ ಸುಳ್ಳು ಬೀಳುತ್ತದೆ. ನಾನು ಕಡಿತ ಬರೆದ ಹುಡುಗನಿಗೇ ತಿಂಗಳ ಕೊನೆಗೆ ಐದುನೂರು ಹೆಚ್ಚಿಗೆ ಕೊಡುತ್ತೇನೆ. ಮುಂಗಡ ತೆಗೆದುಕೊಳ್ಳುವ ದಿನಗಳೂ ಇವೆ: ಡಿಸೆಂಬರಿನಲ್ಲಿ ಮಾಣಿಕನಗರದ ದತ್ತ ಜಯಂತಿ, ಜನವರಿಯಲ್ಲಿ ನಮ್ಮ ವೀರಭದ್ರೇಶ್ವರ ಜಾತ್ರೆ. ಆಗ ಒಂದು ಕೋಣೆಗೆ ಹತ್ತು ಜನ ನುಗ್ಗುತ್ತಾರೆ, ಗೇಟಿಗೆ ಬೀಗ ಹಾಕುವ ಹಾಗೂ ಇರುವುದಿಲ್ಲ. ಉಳಿದ ದಿನಗಳಲ್ಲಿ ಬಾಗಿಲಲ್ಲಿ ನಿಂತವನ ಮುಖ ನೋಡಿ 'ಕೋಣೆ ಖಾಲಿ ಇಲ್ಲ' ಎನ್ನುವುದುಂಟು. ಯಾವ ಗುರುತು ನೋಡಿ ಹಾಗೆ ಹೇಳುತ್ತೇನೆ ಎನ್ನುವುದು ನನ್ನಲ್ಲಿಯೇ ಇರಲಿ.

ಕೂಲರ್ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ ಲಾವಂಚದ ಪಟ್ಟಿ ಹಾಕಿದ ಕೂಲರ್ ರಾಜನಂತೆ ಕೆಲಸ ಮಾಡುತ್ತದೆ, ಮಾಳಿಗೆಗೆ ಬಳಿದ ಸುಣ್ಣವೂ ಅದಕ್ಕೆ ಆಸರೆ. ಮಳೆ ಹಿಡಿದು ಗಾಳಿಗೆ ತೇವ ಬಂದ ಮೇಲೆ ಅದೇ ಕೂಲರ್ ಚಾದರವನ್ನು ಹಸಿ ಮಾಡುವುದು ಬಿಟ್ಟರೆ ಬೇರೇನನ್ನೂ ಮಾಡುವುದಿಲ್ಲ. ಕಳೆದ ಜುಲೈಯ ಕಡಿತದಲ್ಲಿ ಅರ್ಧಕ್ಕಿಂತ ಹೆಚ್ಚು ಇದರದೇ. ರಸ್ತೆಯ ಕಡೆಯ ಕೋಣೆಗಳ ಕಿಟಕಿಗಳನ್ನು ಸದ್ದಿಗಾಗಿ ಬಿಗಿ ಮಾಡಿದ್ದೇನೆ, ಗಾಳಿಗಾಗಿ ಮತ್ತೆ ತೆರೆಯುವಂತಿಲ್ಲ. ಆ ಐದು ಕೋಣೆಗಳಿಗೆ ಎಸಿ ಹಾಕಿಸಲು ಒಂದೂಮುಕ್ಕಾಲು ಲಕ್ಷ ಎಂದಿದ್ದಾರೆ. ಸದ್ಯಕ್ಕೆ ಎರಡಕ್ಕೆ ಹಾಕಿಸಿ, ಬಾಡಿಗೆ ಒಂಬೈನೂರೈವತ್ತು ಮಾಡಿ, ಬೆಳಿಗ್ಗೆ ಎಷ್ಟು ಮುರಿಯುತ್ತಾರೆ ಎಂದು ನೋಡುತ್ತಿದ್ದೇನೆ.