ಕೇರಳದ ಶಾಲೆಗೆ ಕೊಟ್ಟ ಮಗುವಿನ ಮಾಹಿತಿ ಎಲ್ಲಿಗೆ ಹೋಗುತ್ತದೆ?

ಗಡಿಯ ತಲಪಾಡಿ ದಾಟಿ ಈಚೆ ಕೇರಳದಲ್ಲಿ ಮನೆ ಮಾಡಿದವರು, ಮದುವೆಯಾಗಿ ಕುಂಬಳೆ, ಬದಿಯಡ್ಕ ಕಡೆಗೆ ಬಂದವರು ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೊದಲು ಕೇಳುವುದು ಕನ್ನಡ ಮೀಡಿಯಂ ಇದೆಯಾ ಅಂತ. ಕಾಸರಗೋಡು, ಮಂಜೇಶ್ವರದ ಕಡೆ ಇದೆ. ಆದರೆ ಅಡ್ಮಿಶನ್ ಫಾರ್ಮಿನಲ್ಲಿ ನಾವು ಬರೆದುಕೊಟ್ಟದ್ದು ಯಾರ ಕೈಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ.

ಕರ್ನಾಟಕದಲ್ಲಿ ಶಾಲಾ ಮಕ್ಕಳ ದಾಖಲೆಗೆ ಸ್ಯಾಟ್ಸ್ ಇದ್ದ ಹಾಗೆ ಇಲ್ಲಿ 'ಸಂಪೂರ್ಣ' ಅನ್ನುವ ಸಾಫ್ಟ್‌ವೇರ್ ಇದೆ. ನಡೆಸುವುದು ಕೇರಳ ಸರಕಾರದ ಕೈಟ್ ಸಂಸ್ಥೆ. ಮಗುವಿನ ಹೆಸರು, ಹುಟ್ಟಿದ ದಿನ, ಜಾತಿ, ಧರ್ಮ, ತಂದೆತಾಯಿಯ ಹೆಸರು, ವಿಳಾಸ, ಫೋನ್, ಆಧಾರ್ ಎಲ್ಲ ಅದರಲ್ಲಿ ಸೇರುತ್ತದೆ. ಶಾಲೆ ಬಿಡುವಾಗ ಟಿಸಿ ಬರುವುದೂ ಅಲ್ಲಿಂದಲೇ. ಇದಲ್ಲದೆ ದೇಶದ ಶಾಲೆ, ಮಕ್ಕಳ ಲೆಕ್ಕ ಇಡುವ ಕೇಂದ್ರ ಸರಕಾರದ ಯುಡೈಸ್ ಪ್ಲಸ್ ಬೇರೆ. ಅದರಲ್ಲಿ ಪ್ರತಿ ಮಗುವಿಗೆ ಒಂದು ಪೆನ್ ನಂಬರ್ (ಕಾಯಂ ಶಿಕ್ಷಣ ಸಂಖ್ಯೆ) ಇರುತ್ತದೆ, ರಾಜ್ಯ ಬದಲಾದರೂ ಅದು ಬದಲಾಗುವುದಿಲ್ಲ. ಮಂಗಳೂರು ಕಡೆಯ ಶಾಲೆಯಿಂದ ಟಿಸಿ ತರುವಾಗ ಆ ನಂಬರನ್ನೂ ಬರೆಸಿಕೊಂಡು ಬನ್ನಿ.

ಹೆಸರಿನ ವಿಷಯದಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಸಂಪೂರ್ಣದಲ್ಲಿ ಹೆಸರು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಇರುತ್ತದೆ. ನಮಗೆ ಮಲಯಾಳ ಓದಲು ಬಾರದಿದ್ದರೆ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಮನೆತನದ ಹೆಸರು ಬಿಟ್ಟುಹೋಗುತ್ತದೆ, ಇನಿಶಿಯಲ್ ಹಿಂದೆಮುಂದೆ ಆಗುತ್ತದೆ, ಮತ್ತು 10ನೇ ತರಗತಿಗೆ ಬಂದಾಗ ಎಸ್‌ಎಸ್‌ಎಲ್‌ಸಿಗೆ ಹೋಗುವುದು ಇದೇ ಮಾಹಿತಿ. ಸರ್ಟಿಫಿಕೇಟಿನಲ್ಲಿ ಅಚ್ಚಾದ ಮೇಲೆ ತಿದ್ದಿಸಬೇಕಾದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುವ ಪರೀಕ್ಷಾ ಭವನಕ್ಕೆ ಅರ್ಜಿ ಹಾಕಬೇಕು. ಹಾಗಾಗಿ ಶಾಲೆಗೆ ಸೇರಿಸಿದ ವರ್ಷವೇ ಕ್ಲಾಸ್ ಟೀಚರ್ ಹತ್ತಿರ ಕೂತು, ಮಲಯಾಳ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು, ಜನನ ಪ್ರಮಾಣಪತ್ರ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ನೋಡಿ.

ಇನ್ನು ಆಧಾರ್. ಆಧಾರ್ ಇಲ್ಲ ಅಂತ ಮಗುವಿಗೆ ಅಡ್ಮಿಶನ್ ನಿರಾಕರಿಸುವ ಹಾಗಿಲ್ಲ. 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಸ್ಪಷ್ಟವಾಗಿ ಹೇಳಿದೆ. ಆದರೂ ಟೀಚರ್ ಮತ್ತೆ ಮತ್ತೆ ಕೇಳುತ್ತಾರೆ, ಅದಕ್ಕೊಂದು ಕಾರಣ ಇದೆ. ಶಾಲೆ ತೆರೆದ 6ನೇ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ ಇಲ್ಲಿ ಅಧ್ಯಾಪಕರ ಹುದ್ದೆ ನಿಗದಿಯಾಗುತ್ತದೆ, ಆ ಲೆಕ್ಕಕ್ಕೆ ಆಧಾರ್ ನೋಡುತ್ತಾರೆ. ನಮ್ಮ ಕನ್ನಡ ಡಿವಿಜನ್‌ಗಳಲ್ಲಿ ಒಬ್ಬಿಬ್ಬರು ಮಕ್ಕಳು ಕಡಿಮೆಯಾದರೂ ಹುದ್ದೆ ಹೋಗಬಹುದು. ಹಾಗಾಗಿ ಟೀಚರ ಮೇಲೆ ಸಿಟ್ಟಾಗಬೇಡಿ. ಆಧಾರ್ ಇದ್ದರೆ ಸಂಪೂರ್ಣಕ್ಕೆ ಅಂತ ಕೊಡಿ. ಆದರೆ ಪ್ರವಾಸಕ್ಕೆ, ಕ್ವಿಜ್‌ಗೆ, ಚಿತ್ರ ಸ್ಪರ್ಧೆಗೆ ಜೆರಾಕ್ಸ್ ಕೇಳಿದರೆ ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು.

ಮಗುವಿನ ಓದಿನ ದಾಖಲೆಗಳನ್ನು ಒಂದೆಡೆ ಸೇರಿಸುವ ಅಪಾರ್ ಐಡಿ ಬೇರೆಯೇ. 12 ಅಂಕೆಯದ್ದು, ತಂದೆತಾಯಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಇದು ಕಡ್ಡಾಯ ಅಲ್ಲ. ಓದಿ ಅರ್ಥವಾದ ಮೇಲೆ ಸಹಿ ಹಾಕಿ, ಬೇಡ ಅನಿಸಿದರೆ ಬೇಡ ಅಂತ ಬರೆದುಕೊಡಿ.

ಇಷ್ಟೆಲ್ಲ ಸರಕಾರಿ ಸಾಫ್ಟ್‌ವೇರ್ ಬಗ್ಗೆ. ನನ್ನನ್ನು ನಿಜವಾಗಿ ಹೆದರಿಸಿದ್ದು ವಾಟ್ಸಾಪ್. ನನ್ನ ಮಗಳ ತರಗತಿಯ ಗುಂಪಿಗೆ ಒಂದು ಸಂಜೆ ಸ್ಕಾಲರ್‌ಶಿಪ್ ಪಟ್ಟಿ ಬಂತು. ಮೂವತ್ತಕ್ಕೂ ಜಾಸ್ತಿ ಮಕ್ಕಳ ಜಾತಿ, ಮನೆಯ ಆದಾಯ, ಬ್ಯಾಂಕ್ ಖಾತೆ ನಂಬರ್, ಎಲ್ಲ ಒಂದೇ ಹಾಳೆಯಲ್ಲಿ. ಹೆಸರು ಸರಿ ಇದೆಯಾ ನೋಡಿ ಅಂತ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಮರುದಿನ ಒಬ್ಬ ಹುಡುಗ ಶಾಲೆಗೆ ಬರಲಿಲ್ಲ. ಅವನ ಅಪ್ಪನ ಆದಾಯದ ಬಗ್ಗೆ ಬಸ್ಸಿನಲ್ಲಿ ಯಾರೋ ಆಡಿಕೊಂಡರಂತೆ. ನಾವು ಮೂವರು ತಾಯಂದಿರು ಹೋಗಿ ಮಾತಾಡಿದೆವು, ಪಟ್ಟಿ ತೆಗೆದರು, ಈಗ ಟೀಚರ್ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಳಿಸುತ್ತಾರೆ. ಆದರೆ ಅಷ್ಟರಲ್ಲಿ ಅದು ಎಷ್ಟು ಫೋನಿಗೆ ಇಳಿದಿತ್ತೋ ಯಾರಿಗೆ ಗೊತ್ತು? ನಿಮ್ಮ ಗುಂಪಿನಲ್ಲಿ ಇಂಥದ್ದು ಬಂದರೆ ಸುಮ್ನೆ ಕೂರಬೇಡಿ, ಟೀಚರಿಗೆ ಕೂಡಲೇ ಫೋನ್ ಮಾಡಿ. ಬೇರೆ ಮಕ್ಕಳ ಫೋಟೋ, ಮಾರ್ಕು ನಾವೂ ಸ್ಟೇಟಸ್‌ಗೆ ಹಾಕಬಾರದು, ಅಲ್ವಾ?

ಕಾನೂನೂ ನಮ್ಮ ಕಡೆಗಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು, ಅವರನ್ನು ಗುರಿ ಮಾಡಿ ಜಾಹೀರಾತು ತೋರಿಸುವ ಹಾಗಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ಶಾಲೆಗಳಿಗೆ ಓದು ಮತ್ತು ಮಕ್ಕಳ ಸುರಕ್ಷತೆಯ ಕೆಲಸಕ್ಕೆ ಸ್ವಲ್ಪ ವಿನಾಯಿತಿ ಇದೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಭಾಗ ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಟ್ಯೂಷನ್ ಆಪ್ ಹಾಕಿಸುವವರು ಮಗುವಿನ ಫೋಟೋ, ಆಧಾರ್ ಕೇಳಿದರೆ ಯಾಕೆ ಅಂತ ಕೇಳುವುದಕ್ಕೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಆನ್‌ಲೈನ್ ಅರ್ಜಿ ಹಾಕಿಸಲು ಅಕ್ಷಯ ಕೇಂದ್ರಕ್ಕೆ ಹೋಗುತ್ತೀರಲ್ಲ, ಅಲ್ಲಿ ಸ್ಕ್ಯಾನ್ ಮಾಡಿದ ಫೈಲನ್ನು ಕೆಲಸ ಮುಗಿದ ಮೇಲೆ ನಿಮ್ಮ ಎದುರಿಗೇ ಡಿಲೀಟ್ ಮಾಡಿಸಿ. ಪ್ಲಸ್ ವನ್ (11ನೇ ತರಗತಿ) ಸೇರಲು ಹಾಕುವ ಏಕಜಾಲಕದ ಆನ್‌ಲೈನ್ ಅರ್ಜಿಗೆ ನಿಮ್ಮದೇ ಫೋನ್ ನಂಬರ್ ಕೊಡಿ. ಅರ್ಜಿ ತುಂಬಿಸುವ ಕೇಂದ್ರದವರ ನಂಬರ್ ಕೊಟ್ಟರೆ ಒಟಿಪಿ ಅವರಿಗೇ ಹೋಗುತ್ತದೆ.

ದೂರು ಇದ್ದರೆ ಮೊದಲು ಎಚ್‌ಎಂಗೆ (ಮುಖ್ಯೋಪಾಧ್ಯಾಯರಿಗೆ) ಬರೆದುಕೊಡಿ. ಆಗಲಿಲ್ಲವಾದರೆ 7ನೇ ತರಗತಿವರೆಗಿನ ಶಾಲೆಯಾದರೆ ಎಇಒ (ಸಹಾಯಕ ಶಿಕ್ಷಣಾಧಿಕಾರಿ), ಹೈಸ್ಕೂಲಾದರೆ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ). ಮಲಯಾಳ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಪ್ರಕಾರ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಕೇಳಬಹುದು. ಎರಡು ಪ್ರತಿ ಬರೆದು, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಮನೆಗೆ ತನ್ನಿ.