ಸಮ್ಮೇಳನದ ಪ್ರಾಯೋಜಕತ್ವ: ಹೊಂಡದ ದಂಡೆಯವರೆಗೆ ಬಂದ ವಿಜ್ಞಾನ

ಬಾಗಲಕೋಟೆಯ ನವನಗರದಲ್ಲಿ ನಾನೂ ನನ್ನ ತಮ್ಮನೂ ಪಾಲುದಾರರಾಗಿ ಮೀನಿನ ಆಹಾರ ಮತ್ತು ಬಿತ್ತನೆ ಮರಿಗಳ ವ್ಯಾಪಾರ ಮಾಡುತ್ತೇವೆ. ಆಲಮಟ್ಟಿ ಹಿನ್ನೀರಿನಲ್ಲಿ ಬಲೆ ಬೀಸುವವರಿಗಿಂತ ಕೃಷಿ ಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ ಸಾಕುವ ರೈತರೇ ನಮ್ಮ ಹೆಚ್ಚಿನ ಗಿರಾಕಿಗಳು. ಹೀಗಾಗಿ ನಮ್ಮ ಊರಿನಲ್ಲೇ ಒಳನಾಡು ಮೀನುಗಾರಿಕೆಯ ವಿಜ್ಞಾನ ಸಮ್ಮೇಳನ ನಡೆಯಲಿದೆ ಎಂದು ತಿಳಿದಾಗ ಪ್ರಾಯೋಜಕರಾಗಲು ತಡಮಾಡಲಿಲ್ಲ.

ಮೊದಲ ಸಲ ಹಣ ಕೊಟ್ಟೆವೇ ಹೊರತು ಅದು ಯಾವುದಕ್ಕೆ ಖರ್ಚಾಗಬೇಕೆಂದು ಹೇಳಲಿಲ್ಲ. ವೇದಿಕೆಯ ಫ್ಲೆಕ್ಸಿನ ಮೇಲೆ ನಮ್ಮ ಅಂಗಡಿಯ ಹೆಸರು ಬಂತು. ಗೋಷ್ಠಿಗಳೆಲ್ಲ ಇಂಗ್ಲಿಷಿನಲ್ಲಿ ನಡೆದವು. ನಾವು ಕರೆತಂದಿದ್ದ ರೈತರು ಊಟ ಮುಗಿಸಿ ಬಸ್ಸಿಗೆ ಹೊರಟರು. ಹೋಗುವಾಗ ಅವರಲ್ಲೊಬ್ಬ ಹಿರಿಯರು, “ತಮ್ಮಾ, ನಸುಕಿನ್ಯಾಗ ನಮ್ಮ ಮೀನು ಮ್ಯಾಲ ಬಂದು ಯಾಕ ಬಾಯಿ ತೆಗಿತಾವ ಅನ್ನೋದು ಯಾರೂ ಹೇಳಲಿಲ್ಲಲ್ಲೋ” ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಎರಡನೆಯ ಸಲ ಹಣ ಕೊಡುವ ಮೊದಲೇ ಒಂದು ಪುಟದ ಒಪ್ಪಂದ ಬರೆದುಕೊಂಡೆವು. ಪ್ರಬಂಧಗಳ ಆಯ್ಕೆ ಪೂರ್ತಿ ವಿಜ್ಞಾನಿಗಳ ಸಮಿತಿಯದು, ಅದರಲ್ಲಿ ನಾವು ತಲೆಹಾಕುವುದಿಲ್ಲ, ನಮ್ಮ ಆಹಾರದ ಬಗ್ಗೆ ಯಾರೂ ಭಾಷಣ ಮಾಡಬೇಕಾಗಿಲ್ಲ ಎಂದು ನಾವೇ ಬರೆದೆವು. ಅದಕ್ಕೆ ಪ್ರತಿಯಾಗಿ ಕೇಳಿದ್ದು ಒಂದೇ: ನಮ್ಮ ಹಣದ ಅರ್ಧ ಭಾಗ ರೈತರಿಗಾಗಿ ಕನ್ನಡದಲ್ಲಿ, ಹೊಂಡದ ದಂಡೆಯ ಮೇಲೆ, ಸೂರ್ಯ ಹುಟ್ಟುವ ಮುನ್ನ ನಡೆಯುವ ಒಂದು ಗೋಷ್ಠಿಗೆ ಮೀಸಲಾಗಬೇಕು. ಅತಿಥಿಗಳನ್ನು ಅಷ್ಟು ಹೊತ್ತಿಗೆ ಎಬ್ಬಿಸುವುದು ಹೇಗೆಂದು ಸಂಘಟಕರು ಹಿಂಜರಿದರು. ಆದರೆ ಹೊತ್ತಿನ ವಿಷಯದಲ್ಲಿ ನಾನು ಜಗ್ಗಲಿಲ್ಲ. ರಾತ್ರಿ ನೀರಿನಲ್ಲಿರುವ ಪಾಚಿ ಆಮ್ಲಜನಕ ತಯಾರಿಸುವುದಿಲ್ಲ. ಮೀನು, ಪಾಚಿ, ತಳದ ಕೊಳೆತ ರಾಡಿ ಎಲ್ಲವೂ ಇದ್ದುದನ್ನೇ ಬಳಸುತ್ತಿರುತ್ತವೆ. ಆದ್ದರಿಂದ ಆಮ್ಲಜನಕ ತೀರ ಕಡಿಮೆಯಾಗುವುದು ನಸುಕಿನಲ್ಲಿಯೇ.

ಬೀಳಗಿ ಕಡೆಯ ಒಂದು ಹೊಂಡದಲ್ಲಿ ವಿಜ್ಞಾನಿಯೊಬ್ಬರು ಆಮ್ಲಜನಕ ಅಳೆಯುವ ಮೀಟರಿನ ತಂತಿಯನ್ನು ನೀರಿಗೆ ಇಳಿಬಿಟ್ಟು, ಅಂಕಿಯನ್ನು ಹೊಂಡದ ಯಜಮಾನರಿಂದಲೇ ಓದಿಸಿದರು. ಲೀಟರಿಗೆ 1.8 ಮಿಲಿಗ್ರಾಂ ಇತ್ತು. ಕಾಟ್ಲಾ, ರೋಹುವಿನಂಥ ಗೆಂಡೆ ಮೀನುಗಳು ಚೆನ್ನಾಗಿ ಬೆಳೆಯಲು ಸುಮಾರು 5 ಬೇಕು. ಎದುರಿಗೇ ಕಾಟ್ಲಾಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಮಧ್ಯಾಹ್ನ 3 ಗಂಟೆಗೆ ಅದೇ ಜಾಗದಲ್ಲಿ 9 ದಾಟಿತ್ತು. ಮೋಡ ಕವಿದ ದಿನ ಆಮ್ಲಜನಕದ ಉತ್ಪಾದನೆ ತಗ್ಗುವುದರಿಂದ ಆಹಾರ ಕಡಿಮೆ ಮಾಡಬೇಕು, ತಿನ್ನದೆ ಉಳಿದ ಹಿಂಡಿ, ತೌಡು ಕೊಳೆಯುತ್ತ ಇನ್ನಷ್ಟು ಆಮ್ಲಜನಕ ನುಂಗುತ್ತವೆ ಎಂದು ಅವರು ತಿಳಿಸಿದರು. ಆಹಾರ ಮಾರುವ ನಾನು ಅದನ್ನು ಇಷ್ಟು ಸ್ಪಷ್ಟವಾಗಿ ಎಂದೂ ಗಿರಾಕಿಗಳಿಗೆ ಹೇಳಿರಲಿಲ್ಲ, ಹೇಳಬೇಕಿತ್ತು.

ಲೆಕ್ಕದ ಒಂದು ಮಾತು. ನಮ್ಮದು ಪಾಲುದಾರಿಕೆ ಸಂಸ್ಥೆ, ಸಂಘಟಕರದು ಕಂಪನಿಯಲ್ಲದ ಸಂಘ. ಹೀಗಾಗಿ ಪ್ರಾಯೋಜಕತ್ವದ ಮೇಲಿನ ಶೇ. 18 ಜಿಎಸ್‌ಟಿಯನ್ನು ಸಂಘಟಕರ ಬದಲು ನಾವೇ ಸರ್ಕಾರಕ್ಕೆ ಕಟ್ಟಬೇಕಾಯಿತು. ಮೊದಲ ಸಲ ಇದು ಗೊತ್ತಿಲ್ಲದೆ ಅಂದಾಜು ತಪ್ಪಿತ್ತು.

ಈ ಸಲ ಫ್ಲೆಕ್ಸಿನ ಹಣ ಉಳಿದಿತ್ತು; ಅದರಲ್ಲಿ ಅಂಥದೇ ಒಂದು ಮೀಟರ್ ಕೊಂಡೆವು. ಈಗ ಅದು ಅಂಗಡಿಯಲ್ಲಿದೆ. ಒಯ್ದ ರೈತರು ಹಿಂದಿರುಗಿಸುವಾಗ ನಸುಕಿನ ಅಂಕಿಯನ್ನೂ ಮಧ್ಯಾಹ್ನದ ಅಂಕಿಯನ್ನೂ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮುಂದಿನ ಸಮ್ಮೇಳನಕ್ಕೆ ಆ ನೋಟ್‌ಬುಕ್ಕನ್ನೂ ಒಯ್ಯುತ್ತೇನೆ.